ಅಂಗಡಿಕಾರರಾಗಿದ್ದ ವಿಲಿಯಂ ಲಯನ್ ಮೆಕೆಂಜಿ ಟೊರೊಂಟೊ ನಗರದ ಮೊದಲ ಮೇಯರ್ ಆದದ್ದು ಹೇಗೆ?

ಸಂತೆಪೇಟೆಯ ಓದುಗ, ಮೈಸೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ವಾಚನಾಲಯದಲ್ಲಿ ತಿಂಗಳಿಗೊಮ್ಮೆ ನಡೆಯುವ ಮಾತುಕತೆಯಲ್ಲಿ ಈ ಸಲ ಮಾತನಾಡುವ ಸರದಿ ನನ್ನದು. ವ್ಯಾಪಾರದಿಂದ ಬಂದು ಊರಿನ ಆಡಳಿತ ಹಿಡಿದವರೊಬ್ಬರ ಬದುಕನ್ನು ಎತ್ತಿಕೊಳ್ಳಬೇಕೆಂದು ಹುಡುಕುತ್ತಿದ್ದಾಗ ವಿಲಿಯಂ ಲಯನ್ ಮೆಕೆಂಜಿಯವರ ಹೆಸರು ಸಿಕ್ಕಿತು. ಸ್ಕಾಟ್ಲೆಂಡಿನಲ್ಲಿ 1795ರಲ್ಲಿ ಹುಟ್ಟಿ, 1820ರಲ್ಲಿ ಬ್ರಿಟಿಷ್ ವಸಾಹತಾಗಿದ್ದ ಅಪ್ಪರ್ ಕೆನಡಾಕ್ಕೆ, ಅಂದರೆ ಇಂದಿನ ಒಂಟಾರಿಯೊ ಪ್ರಾಂತ್ಯದ ದಕ್ಷಿಣ ಭಾಗಕ್ಕೆ ಬಂದು, ಅಂಗಡಿ ಇಟ್ಟುಕೊಂಡಿದ್ದ ಇವರು 1834ರಲ್ಲಿ ಟೊರೊಂಟೊದ ಮೊದಲ ಮೇಯರ್ ಆದರು. ಅದಾಗಿ ನಾಲ್ಕು ವರ್ಷ ತುಂಬುವ ಮೊದಲೇ ಸರ್ಕಾರದ ವಿರುದ್ಧ ದಂಗೆ ಎದ್ದ ರೈತರ ಮುಂದಾಳಾದರು. ನನಗೆ ತಿಳಿದಿರುವುದು ಇಷ್ಟೇ.

ನಮ್ಮದು ಸಂತೆಪೇಟೆಯಲ್ಲಿ ತಲೆಮಾರುಗಳಿಂದ ದಿನಸಿ ವ್ಯಾಪಾರ ಮಾಡಿಕೊಂಡು ಬಂದಿರುವ ಮನೆತನ. ಅಂಗಡಿ ಇಟ್ಟವನಿಗೆ ಎಲ್ಲ ಪಕ್ಷದವರೂ ಬೇಕು, ಯಾರನ್ನೂ ಎದುರು ಹಾಕಿಕೊಳ್ಳಬಾರದು ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ಮೆಕೆಂಜಿಯವರಾದರೋ ಊರಿನ ದೊಡ್ಡ ಮನುಷ್ಯರನ್ನೆಲ್ಲ ಎದುರು ಹಾಕಿಕೊಂಡೇ ಹೆಸರಾದವರು. ಅವರ ರಾಜಕೀಯಕ್ಕೂ ಅವರು ನಡೆಸಿದ ಅಂಗಡಿಗಳಿಗೂ ಏನಾದರೂ ಸಂಬಂಧವಿದೆಯೇ, ಅಥವಾ ಅಂಗಡಿಯೆಂಬುದು ಕೇವಲ ಹೊಟ್ಟೆಪಾಡಿನ ಮಾತೇ? ಮೇಯರ್ ಆಗಿ ಅವರು ನಿಜವಾಗಿ ಮಾಡಿದ ಕೆಲಸವೇನು? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಮಂಡ್ಯದ ಇತಿಹಾಸ ಮೇಷ್ಟ್ರು (ಉತ್ತರ)

ಸಂಬಂಧ ಖಂಡಿತವಾಗಿಯೂ ಇದೆ. ಅಂಗಡಿಯನ್ನು ಬಿಟ್ಟು ನೋಡಿದರೆ ಮೆಕೆಂಜಿಯವರ ರಾಜಕೀಯ ಬರಿಯ ಸಿಟ್ಟಿನಂತೆ ಕಾಣುತ್ತದೆ, ಅಂಗಡಿಯ ಕಡೆಯಿಂದ ನೋಡಿದರೆ ಆ ಸಿಟ್ಟಿಗೆ ಕಾರಣ ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಅವರ ತಂದೆ ಡಂಡೀ ಊರಿನ ನೇಕಾರರು. ಮಗು ಹುಟ್ಟಿದ ಕೆಲವೇ ವಾರಗಳಲ್ಲಿ ಅವರು ತೀರಿಕೊಂಡದ್ದರಿಂದ ಸಾಕುವ ಹೊರೆಯೆಲ್ಲ ತಾಯಿ ಎಲಿಜಬೆತ್ ಅವರ ಮೇಲೆ ಬಿತ್ತು. ಹುಡುಗನಿಗೆ ಓದುವ ಹುಚ್ಚು ವಿಪರೀತವಾಗಿತ್ತು. ಹನ್ನೊಂದನೆಯ ವಯಸ್ಸಿನಿಂದ ಊರು ಬಿಡುವವರೆಗೆ ತಾನು ಓದಿದ 950ಕ್ಕೂ ಹೆಚ್ಚು ಪುಸ್ತಕಗಳ ಪಟ್ಟಿಯನ್ನು ಮೆಕೆಂಜಿ ಬರೆದಿಟ್ಟಿದ್ದಾರೆ. ಇಪ್ಪತ್ತು ತುಂಬುವ ಹೊತ್ತಿಗೆ ಡಂಡೀ ಹತ್ತಿರದ ಅಲಿತ್ ಎಂಬಲ್ಲಿ ತಾಯಿಯ ಜೊತೆಗೂಡಿ ಒಂದು ಅಂಗಡಿ ತೆರೆದರು, ಅದರಲ್ಲೇ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಗ್ರಂಥಾಲಯವನ್ನೂ ಇಟ್ಟರು. ನೆಪೋಲಿಯನ್ ಯುದ್ಧಗಳು ಮುಗಿದ ಮೇಲೆ ಬಂದ ಮುಗ್ಗಟ್ಟಿನಲ್ಲಿ ಆ ವ್ಯಾಪಾರ ಮುಳುಗಿತು. ಕೈ ಸುಟ್ಟುಕೊಂಡವರು ಕೆಲವು ವರ್ಷ ಅಲ್ಲಿ ಇಲ್ಲಿ ದುಡಿದು, 1820ರಲ್ಲಿ ಜಾನ್ ಲೆಸ್ಲಿ ಎಂಬ ಸ್ನೇಹಿತರೊಡನೆ ಹಡಗು ಹತ್ತಿದರು.

ಅಪ್ಪರ್ ಕೆನಡಾದ ರಾಜಧಾನಿಯಾಗಿದ್ದ ಟೊರೊಂಟೊಗೆ ಆಗ ಯಾರ್ಕ್ ಎಂದು ಹೆಸರು. ಲೆಸ್ಲಿ ಮನೆತನದವರ ಜೊತೆ ಅಲ್ಲಿ ಔಷಧಿ ಮತ್ತು ಪುಸ್ತಕಗಳ ವ್ಯಾಪಾರ ಆರಂಭವಾಯಿತು. ಸ್ವಲ್ಪ ಕಾಲದಲ್ಲೇ ಮೆಕೆಂಜಿ ಪಶ್ಚಿಮಕ್ಕಿರುವ ಡಂಡಾಸ್ ಎಂಬ ಊರಿನ ಅಂಗಡಿಯನ್ನು ನೋಡಿಕೊಳ್ಳತೊಡಗಿದರು. ಔಷಧಿ, ಕಬ್ಬಿಣದ ಸಾಮಾನು, ಮೊಳೆ, ಬಣ್ಣ, ಬಡಗಿಯ ಹತ್ಯಾರು, ಆಟಿಕೆ, ಒಡವೆ, ಇವುಗಳ ಮಗ್ಗುಲಲ್ಲೇ ಮತ್ತೆ ಬಾಡಿಗೆ ಪುಸ್ತಕಗಳ ಕಪಾಟು. ಅಲ್ಲಿದ್ದಾಗಲೇ, 1822ರಲ್ಲಿ, ಇಸಬೆಲ್ ಬ್ಯಾಕ್‌ಸ್ಟರ್ ಅವರೊಡನೆ ಮದುವೆಯಾಯಿತು. ಮರುವರ್ಷ ಲೆಸ್ಲಿಯವರೊಡನೆ ಪಾಲುದಾರಿಕೆ ಮುರಿದುಬಿದ್ದು, ನಯಾಗರಾ ನದಿಯ ದಂಡೆಯ ಕ್ವೀನ್‌ಸ್ಟನ್‌ನಲ್ಲಿ ಸ್ವಂತ ಅಂಗಡಿ ಹಾಕಿದರು.

ಆ ಕಾಲದ ವಸಾಹತಿನ ಅಂಗಡಿ ಹೇಗೆ ನಡೆಯುತ್ತಿತ್ತು ಎಂಬುದನ್ನು ನೀವು ನಿಮ್ಮ ಮಾತುಕತೆಯಲ್ಲಿ ಅಗತ್ಯವಾಗಿ ಹೇಳಬೇಕು. ರೈತರ ಕೈಯಲ್ಲಿ ನಗದು ಆಡುತ್ತಿರಲಿಲ್ಲ. ಉಪ್ಪು, ಚಹಾ, ಕೊಡಲಿ, ಬಟ್ಟೆ ಎಲ್ಲವನ್ನೂ ಉದ್ರಿಯಾಗಿ ಒಯ್ದು, ಗೋಧಿ ಕುಯ್ಲಾದ ಮೇಲೆ ಗೋಧಿಯಿಂದಲೋ, ಕಾಡು ಕಡಿದು ಸುಟ್ಟ ಮರದ ಬೂದಿಯಿಂದ ತೆಗೆದ ಪೊಟ್ಯಾಶಿನಿಂದಲೋ ಲೆಕ್ಕ ತೀರಿಸುತ್ತಿದ್ದರು. ಅಂಗಡಿಕಾರನೂ ಮಾಂಟ್ರಿಯಲ್‌ನ ಸಗಟು ವ್ಯಾಪಾರಿಗೆ ಸಾಲಗಾರನೇ. ಹೀಗಾಗಿ ಒಂದು ಹಳ್ಳಿಯ ರೈತರು ಯಾಕೆ ಸಾಲ ತೀರಿಸಲಾಗುತ್ತಿಲ್ಲ ಎಂಬುದು ಅಧಿಕಾರಿಗಳಿಗಿಂತ ಮೊದಲು ಅಂಗಡಿಯ ಉದ್ರಿ ಪುಸ್ತಕಕ್ಕೆ ಗೊತ್ತಾಗುತ್ತಿತ್ತು.

ಕಾರಣಗಳಲ್ಲಿ ದೊಡ್ಡದು ಭೂಮಿಯ ಹಂಚಿಕೆ. 1791ರ ಶಾಸನದಂತೆ ಭೂಮಿಯ ಏಳನೆಯ ಒಂದು ಪಾಲಿನಷ್ಟನ್ನು ಪ್ರಾಟೆಸ್ಟಂಟ್ ಪಾದ್ರಿಗಳ ನಿರ್ವಹಣೆಗೆಂದು ತೆಗೆದಿಡಲಾಗುತ್ತಿತ್ತು. ಇನ್ನೊಂದು ಅಷ್ಟೇ ಪಾಲು ಸರ್ಕಾರದ ಮೀಸಲು. ಈ ಮೀಸಲು ತುಂಡುಗಳು ಒಂದೇ ಕಡೆ ಇರದೆ ರೈತರ ಹೊಲಗಳ ನಡುನಡುವೆ ಚದುರಿಹೋಗಿದ್ದವು. ತನ್ನ ಜಮೀನಿನ ಮುಂದಿನ ರಸ್ತೆಯನ್ನು ಸವರಿ ಹಸನು ಮಾಡುವುದು ಆಯಾ ಒಕ್ಕಲಿಗನ ಹೊಣೆಯಾಗಿದ್ದುದರಿಂದ, ಒಕ್ಕಲೇ ಇಲ್ಲದ ಮೀಸಲು ಭೂಮಿಯ ಮುಂದೆ ರಸ್ತೆ ಕಾಡಿನಲ್ಲಿ ನಿಂತುಬಿಡುತ್ತಿತ್ತು. ರಸ್ತೆ ನಿಂತರೆ ಗೋಧಿ ಗಿರಣಿಗೆ ಹೋಗುವುದಿಲ್ಲ, ಗೋಧಿ ಹೋಗದಿದ್ದರೆ ಅಂಗಡಿಯ ಬಾಕಿ ಬರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಕಬ್ಬಿನ ಗಾಡಿ ಕಾರ್ಖಾನೆ ತಲುಪುವುದು ತಡವಾದರೆ ಊರಿನ ಅಂಗಡಿಗಳ ವಹಿವಾಟು ಹೇಗೆ ಕುಸಿಯುತ್ತದೆ ಎಂಬುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಮೇಲೆ, ಗವರ್ನರರ ಸುತ್ತ ನೆರೆದಿದ್ದ ಕೆಲವೇ ಮನೆತನಗಳು ಭೂಮಿ, ನ್ಯಾಯಾಲಯ, ಸರ್ಕಾರಿ ಹುದ್ದೆ, 1822ರಲ್ಲಿ ಬಾಗಿಲು ತೆರೆದ ಬ್ಯಾಂಕ್ ಆಫ್ ಅಪ್ಪರ್ ಕೆನಡಾ, ಎಲ್ಲವನ್ನೂ ಕೈಯಲ್ಲಿ ಹಿಡಿದಿದ್ದವು. ಈ ಕೂಟವನ್ನು ಫ್ಯಾಮಿಲಿ ಕಾಂಪ್ಯಾಕ್ಟ್ ಎಂದು ಕರೆಯುತ್ತಿದ್ದರು. ಕ್ವೀನ್‌ಸ್ಟನ್ ಅಂಗಡಿ ತೆರೆದ ಮರುವರ್ಷವೇ, 1824ರ ಮೇ 18ರಂದು, ಮೆಕೆಂಜಿ ‘ಕಲೋನಿಯಲ್ ಅಡ್ವೊಕೇಟ್’ ಪತ್ರಿಕೆಯ ಮೊದಲ ಸಂಚಿಕೆ ಹೊರತಂದರು, ವ್ಯಾಪಾರವನ್ನು ಬಿಟ್ಟೇಬಿಟ್ಟರು. ಅದೇ ವರ್ಷ ಅಲ್ಲಿ ಕಟ್ಟುತ್ತಿದ್ದ ಜನರಲ್ ಬ್ರಾಕ್ ಸ್ಮಾರಕದ ಅಡಿಪಾಯದಲ್ಲಿ ಪತ್ರಿಕೆಯ ಒಂದು ಪ್ರತಿಯನ್ನೂ ಇಟ್ಟಿದ್ದರಂತೆ ಎಂದು ತಿಳಿದ ಗವರ್ನರ್ ಮೇಟ್ಲಂಡ್, ಅದನ್ನು ಅಗೆಸಿ ತೆಗೆಸಿದರು.

ಪತ್ರಿಕೆಯಿಂದಲೂ ಸಾಲವೇ ಬೆಳೆಯಿತು. ಯಾರ್ಕ್ ಊರಿಗೆ ಬಂದ ಮೇಲೆ 1826ರ ಜೂನ್ 8ರಂದು, ಮೆಕೆಂಜಿ ಊರಲ್ಲಿಲ್ಲದ ಹೊತ್ತು ನೋಡಿ, ಆಳುವ ಮನೆತನಗಳ ತರುಣರು ಹಾಡಹಗಲೇ ಮುದ್ರಣಾಲಯಕ್ಕೆ ನುಗ್ಗಿ ಯಂತ್ರವನ್ನು ಮುರಿದು, ಅಚ್ಚಿನ ಮೊಳೆಗಳನ್ನು ಒಯ್ದು ಕೊಲ್ಲಿಯ ನೀರಿಗೆ ಎಸೆದರು. ನ್ಯಾಯಾಲಯವು 625 ಪೌಂಡ್ ಪರಿಹಾರ ಕೊಡಿಸಿತು. ಮುಳುಗುತ್ತಿದ್ದ ಪತ್ರಿಕೆ ಉಳಿದದ್ದು ವೈರಿಗಳು ತೆತ್ತ ಆ ಹಣದಿಂದ. 1828ರಲ್ಲಿ ಅವರು ಶಾಸನಸಭೆಗೆ ಆರಿಸಿ ಬಂದರು. 1831ರ ಡಿಸೆಂಬರಿನಲ್ಲಿ ಸಭೆಯು ಅವರನ್ನು ಹೊರಹಾಕಿದಾಗ, ಮುಂದಿನ ತಿಂಗಳೇ ನಡೆದ ಮರುಚುನಾವಣೆಯಲ್ಲಿ ಅವರಿಗೆ 119 ಮತಗಳು, ಎದುರಾಳಿಗೆ ಒಂದೇ ಒಂದು ಮತ. ಆಗ ಗುಟ್ಟಿನ ಮತದಾನವಿರಲಿಲ್ಲ. ಎಲ್ಲರೆದುರು ನಿಂತು ಹೆಸರು ಹೇಳಿ ಮತ ಕೊಡಬೇಕಿತ್ತು. ಅಷ್ಟು ಜನ ಬಾಯಿಬಿಟ್ಟು ಹೆಸರು ಹೇಳಿದರೆಂಬುದನ್ನು ಗಮನಿಸಬೇಕು. ಸಭೆ ಮತ್ತೆ ಮತ್ತೆ ಹೊರಹಾಕಿತು, ಜನ ಮತ್ತೆ ಮತ್ತೆ ಆರಿಸಿದರು.

ಅಂಗಡಿಯಲ್ಲಿ ಅವರು ಹಣ ಮಾಡಲಿಲ್ಲ. ಹಣವಂತ ವ್ಯಾಪಾರಿ ಪ್ರತಿಷ್ಠೆಯಿಂದ ಮೇಯರ್ ಆದ ಕಥೆ ಇದಲ್ಲ. ಸೋತ ವ್ಯಾಪಾರಿ ತನ್ನ ಗಿರಾಕಿಗಳ ಕಷ್ಟವನ್ನು ಅಂಕಿ ಅಂಶಗಳೊಡನೆ ಅಚ್ಚು ಮಾಡಿ ಮುಂದಾಳಾದ ಕಥೆ.

ನಿವೃತ್ತ ಲೆಕ್ಕಾಧಿಕಾರಿ, ಕುವೆಂಪುನಗರ (ಉತ್ತರ)

ಮೇಷ್ಟ್ರು ಬರೆದದ್ದನ್ನು ಓದಿ ಬಹಳ ಸಂತೋಷವಾಯಿತು. ಸ್ಥಳೀಯ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿದವಳಾದ್ದರಿಂದ ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಯಾರ್ಕ್ ಊರು ನಗರದ ದರ್ಜೆಗೆ ಏರಿ ಟೊರೊಂಟೊ ಎಂಬ ಹೆಸರು ಪಡೆದದ್ದು 1834ರ ಮಾರ್ಚ್ 6ರಂದು. ಆಗಿನ ಜನಸಂಖ್ಯೆ ಒಂಬತ್ತು ಸಾವಿರಕ್ಕೆ ಸ್ವಲ್ಪ ಹೆಚ್ಚು. ಐದು ವಾರ್ಡುಗಳಿಂದ ಇಪ್ಪತ್ತು ಸದಸ್ಯರು ಆರಿಸಿ ಬರಬೇಕಿತ್ತು. ಮತದ ಹಕ್ಕು ಆಸ್ತಿ ಅಥವಾ ಬಾಡಿಗೆಯ ಅರ್ಹತೆಯುಳ್ಳ ಗಂಡಸರಿಗೆ ಮಾತ್ರ. ಮಾರ್ಚ್ 27ರ ಚುನಾವಣೆಯಲ್ಲಿ ಮೆಕೆಂಜಿಯವರ ಪಕ್ಷದವರಾದ ಸುಧಾರಣಾವಾದಿಗಳು ಬಹುಮತ ಪಡೆದು, ಏಪ್ರಿಲ್ 3ರಂದು ಮೆಕೆಂಜಿಯವರನ್ನು ಮೇಯರ್ ಎಂದು ಆರಿಸಿದರು. ನಮ್ಮ ಮೈಸೂರು ಮಹಾನಗರ ಪಾಲಿಕೆಯಲ್ಲಿ ಇರುವಂತೆಯೇ ಮೇಯರರನ್ನು ನೇರವಾಗಿ ಜನರಲ್ಲ, ಸದಸ್ಯರು ಆರಿಸುತ್ತಿದ್ದರು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ: ಅಲ್ಲಿನ ಮೇಯರ್ ನಗರದ ನ್ಯಾಯಾಧೀಶನೂ ಆಗಿ ಸಣ್ಣಪುಟ್ಟ ಅಪರಾಧಗಳ ವಿಚಾರಣೆ ನಡೆಸಬೇಕಿತ್ತು.

ಅವರ ಕೈಗೆ ಬಂದದ್ದು ಬರಿದಾದ ಬೊಕ್ಕಸ. ಹಿಂದೆ ಊರನ್ನು ನೋಡಿಕೊಳ್ಳುತ್ತಿದ್ದ, ಯಾರಿಂದಲೂ ಆರಿಸಿ ಬಾರದ ಮ್ಯಾಜಿಸ್ಟ್ರೇಟರು ಇಟ್ಟಿಗೆಯ ಮಾರುಕಟ್ಟೆ ಕಟ್ಟಡಕ್ಕೆಂದು ಮಾಡಿದ್ದ ಸಾಲ ಹೊಸ ನಗರಸಭೆಯ ತಲೆಯ ಮೇಲೆ ಕುಳಿತಿತ್ತು. ಬೀದಿಗಳ ಸ್ಥಿತಿ ಹೇಗಿತ್ತೆಂದರೆ ಊರಿಗೆ ಕೆಸರಿನ ಯಾರ್ಕ್ ಎಂಬ ಅಡ್ಡಹೆಸರೇ ಬಿದ್ದಿತ್ತು. ಮೆಕೆಂಜಿಯವರ ಸಭೆ ಸಾಲವೆತ್ತಿ ಮುಖ್ಯ ಬೀದಿಯಾದ ಕಿಂಗ್ ಸ್ಟ್ರೀಟಿನಲ್ಲಿ ಮರದ ಹಲಗೆಗಳ ಕಾಲುದಾರಿ ಹಾಕಿಸಿತು. ಅದನ್ನು ತೀರಿಸಲು ತೆರಿಗೆ ಹೆಚ್ಚಿಸಿತು. ತೆರಿಗೆಯ ವಿರುದ್ಧ ಊರು ಸಿಡಿದೆದ್ದಿತು. ಬಜೆಟ್ಟಿನ ದೃಷ್ಟಿಯಿಂದ ನೋಡಿದರೆ ಅವರು ಮಾಡಿದ್ದು ಸರಿ ಎಂದು ನಾನು ದೃಢವಾಗಿ ಹೇಳುತ್ತೇನೆ. ಸಾಲವಿದೆ, ರಸ್ತೆ ಬೇಕು, ಆದಾಯದ ಬೇರೆ ಮೂಲವಿಲ್ಲ ಎಂದ ಮೇಲೆ ತೆರಿಗೆಯನ್ನು ಮುಂದಿನವರ ಪಾಲಿಗೆ ತಳ್ಳುವುದು ಸುಲಭವಾಗಿತ್ತು, ಅವರು ತಳ್ಳಲಿಲ್ಲ.

ಆ ಜುಲೈ ಕೊನೆಯಲ್ಲಿ ತೆರಿಗೆಯ ವಿಚಾರವಾಗಿ ಮಾರುಕಟ್ಟೆಯಲ್ಲಿ ಸೇರಿದ್ದ ಸಾರ್ವಜನಿಕ ಸಭೆಯಲ್ಲಿ ಜನ ಉದ್ವೇಗದಿಂದ ಕಾಲು ಬಡಿಯುತ್ತಿದ್ದಂತೆ ಮೇಲಿನ ಮೊಗಸಾಲೆ ಕುಸಿಯಿತು. ಕೆಳಗೆ ಕಟುಕರ ಅಂಗಡಿಗಳಲ್ಲಿ ಮಾಂಸ ತೂಗುಹಾಕುವ ಕೊಕ್ಕೆಗಳಿದ್ದವು. ಅವುಗಳ ಮೇಲೆ ಬಿದ್ದವರ ಗತಿಯನ್ನು ಬರೆಯಲು ಕೈ ಬಾರದು; ಕೆಲವರು ಸತ್ತರು, ಅನೇಕರು ಗಾಯಗೊಂಡರು. ಅದರ ಬೆನ್ನಿಗೇ ಕಾಲರಾ. 1832ರಲ್ಲಿ ಒಮ್ಮೆ ಊರನ್ನು ಬಾಧಿಸಿದ್ದ ರೋಗ ಮತ್ತೆ ಬಂದಾಗ, ರೋಗಿಗಳನ್ನು ಮುಟ್ಟಲು ಜನ ಹೆದರುತ್ತಿದ್ದರು. ಮೇಯರ್ ತಾವೇ ನಿಂತು ರೋಗಿಗಳನ್ನು ಎತ್ತಿ ಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ಸಾಗಿಸಿದರು. ಕೊನೆಗೆ ಅವರಿಗೂ ಕಾಲರಾ ತಗುಲಿತು, ಬದುಕಿ ಉಳಿದರು. ನಿಮ್ಮ ಮಾತುಕತೆಯಲ್ಲಿ ಈ ಒಂದು ಸಂಗತಿಗೆ ದಯವಿಟ್ಟು ಸಮಯ ಕೊಡಿ.

ಅವರ ತಪ್ಪನ್ನೂ ಹೇಳಬೇಕು. ನ್ಯಾಯಪೀಠದಲ್ಲಿ ಕುಳಿತಾಗ, ತಮ್ಮನ್ನು ಬೈದು ಪಾದರಕ್ಷೆ ಎಸೆದ ಹೆಂಗಸೊಬ್ಬಳನ್ನು ಊರ ಮಧ್ಯದಲ್ಲಿ ಕಾಲಿಗೆ ಮರದ ಕೊರಡು ತೊಡಿಸಿ ಕೂರಿಸುವ ಹಳೆಯ ಶಿಕ್ಷೆಗೆ ಗುರಿಮಾಡಿದರು. ಜನರ ಹಕ್ಕಿನ ಬಗ್ಗೆ ಅಷ್ಟೆಲ್ಲ ಬರೆದವರು ಹೀಗೆ ಮಾಡಬಾರದಿತ್ತು. ವೈರಿಗಳು ಇದನ್ನು ಎತ್ತಿ ಆಡಿದ್ದರಲ್ಲಿ ಆಶ್ಚರ್ಯವಿಲ್ಲ. 1835ರ ಜನವರಿಯ ಚುನಾವಣೆಯಲ್ಲಿ ಅವರ ಪಕ್ಷ ಸೋತು ರಾಬರ್ಟ್ ಬಾಲ್ಡ್‌ವಿನ್ ಸಲ್ಲಿವನ್ ಮೇಯರ್ ಆದರು.

ಸಂತೆಪೇಟೆಯ ಓದುಗ, ಮೈಸೂರು

ಮೇಷ್ಟ್ರೇ, ಮೇಡಂ, ಇಬ್ಬರಿಗೂ ಅನಂತ ಧನ್ಯವಾದಗಳು. ಉದ್ರಿ ಪುಸ್ತಕದ ಮಾತು ನನ್ನ ಮನಸ್ಸಿಗೆ ನಾಟಿತು. ಇನ್ನೆರಡು ಸಂದೇಹಗಳು ಉಳಿದಿವೆ. ಮೈಸೂರು ಸಂಸ್ಥಾನದ ಸರ್ವೆ ಮಾಡಿದ ಮೆಕೆಂಜಿಯವರಿಗೂ ಇವರಿಗೂ ನಂಟೇನಾದರೂ ಇದೆಯೇ ಎಂದು ಗೆಳೆಯರೊಬ್ಬರು ಕೇಳಿದರು. ಅಲ್ಲದೆ, ಮೇಯರ್ ಗಿರಿಯವರೆಗೆ ಚುನಾವಣೆಯನ್ನೇ ನಂಬಿದ್ದವರು 1837ರಲ್ಲಿ ಆಯುಧ ಹಿಡಿಯುವ ಮಟ್ಟಕ್ಕೆ ಯಾಕೆ ಹೋದರು?

ಶ್ರೀರಂಗಪಟ್ಟಣದವರು (ಉತ್ತರ)

ಮೊದಲ ಸಂದೇಹಕ್ಕೆ: ಇಬ್ಬರೂ ಸ್ಕಾಟ್ಲೆಂಡಿನವರು, ಅಷ್ಟು ಬಿಟ್ಟರೆ ಬೇರೆ ಬೇರೆ. ಟಿಪ್ಪು ಸುಲ್ತಾನರ ಪತನದ ನಂತರ ಮೈಸೂರು ಸೀಮೆಯ ಸರ್ವೆ ನಡೆಸಿ, ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದವರು ಕರ್ನಲ್ ಕಾಲಿನ್ ಮೆಕೆಂಜಿ. ಅವರು 1821ರಲ್ಲಿ, ಅಂದರೆ ವಿಲಿಯಂ ಲಯನ್ ಮೆಕೆಂಜಿ ಕೆನಡಾಕ್ಕೆ ಬಂದ ಮರುವರ್ಷವೇ ತೀರಿಕೊಂಡರು. ಕಾಲದ ಅಂದಾಜಿಗೆ ಇನ್ನೊಂದು ಮಾತು ನಿಮ್ಮ ಕೇಳುಗರಿಗೆ ಉಪಯೋಗವಾದೀತು. ನಗರ ಸೀಮೆಯ (ಇಂದಿನ ಶಿವಮೊಗ್ಗದ ಕಡೆ) ರೈತ ದಂಗೆಯನ್ನು ನೆಪಮಾಡಿಕೊಂಡು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಂಪನಿ ಕಿತ್ತುಕೊಂಡ ವರ್ಷವೇ ಮೆಕೆಂಜಿ ಮೊದಲ ಸಲ ಶಾಸನಸಭೆಯಿಂದ ಹೊರಬಿದ್ದದ್ದು. ಮಾರ್ಕ್ ಕಬ್ಬನ್ ನಮ್ಮ ಕಮಿಷನರ್ ಆದ 1834ರಲ್ಲೇ ಅವರು ಮೇಯರ್ ಆದದ್ದು.

ಎರಡನೆಯ ಸಂದೇಹಕ್ಕೆ ನಾನು ಮೇಷ್ಟ್ರಷ್ಟು ಉದಾರವಾಗಿ ಉತ್ತರಿಸಲಾರೆ. ಕುಂದುಕೊರತೆ ನಿಜವಾಗಿತ್ತು. 1835ರಲ್ಲಿ ಮೆಕೆಂಜಿಯವರ ನೇತೃತ್ವದ ಸಮಿತಿ ಆ ಕೊರತೆಗಳ ದೊಡ್ಡ ವರದಿಯನ್ನೇ ಶಾಸನಸಭೆಯ ಮುಂದಿಟ್ಟಿತು. ಆದರೆ 1836ರ ಚುನಾವಣೆಯಲ್ಲಿ ಗವರ್ನರ್ ಫ್ರಾನ್ಸಿಸ್ ಬಾಂಡ್ ಹೆಡ್ ಯಾವ ಸಂಕೋಚವೂ ಇಲ್ಲದೆ ಒಂದು ಪಕ್ಷದ ಪರವಾಗಿ ನಿಂತು ಪ್ರಚಾರ ಮಾಡಿದರು. ಸುಧಾರಣಾವಾದಿಗಳು ನೆಲಕಚ್ಚಿದರು, ಮೆಕೆಂಜಿಯೂ ಸೋತರು. ಮತಪೆಟ್ಟಿಗೆಯ ದಾರಿಯೇ ಮುಚ್ಚಿತು ಎಂದು ಅವರಿಗೆ ಅನ್ನಿಸಿದ್ದು ಸಹಜ. 1837ರಲ್ಲಿ ಬೆಳೆಯೂ ಕೆಟ್ಟು ಸಾಲಗಾರರ ಕಾಟ ಹೆಚ್ಚಿತು. ನವೆಂಬರಿನಲ್ಲಿ ಪಕ್ಕದ ಲೋವರ್ ಕೆನಡಾದಲ್ಲಿ (ಇಂದಿನ ಕ್ವಿಬೆಕ್) ದಂಗೆ ಎದ್ದು, ಟೊರೊಂಟೊದ ಸೈನಿಕರೆಲ್ಲ ಅತ್ತ ಹೋಗಿದ್ದರು. ಇದೇ ಸಮಯವೆಂದು ಮೆಕೆಂಜಿ ನಿರ್ಧರಿಸಿದರು.

ನಿರ್ಧಾರದ ಹಿಂದೆ ಸಿದ್ಧತೆ ಇರಲಿಲ್ಲ. ಡಿಸೆಂಬರ್ 7 ಎಂದು ಗೊತ್ತುಮಾಡಿದ್ದ ದಿನವನ್ನು ಅವರ ಕಡೆಯವರೇ ಮಧ್ಯದಲ್ಲಿ ಬದಲಿಸಿ ಗೊಂದಲವಾಯಿತು. ಯಂಗ್ ಸ್ಟ್ರೀಟಿನ ಮಾಂಟ್ಗೊಮರಿ ಹೋಟೆಲಿನಲ್ಲಿ ಸೇರಿದ ಕೆಲವು ನೂರು ರೈತರಲ್ಲಿ ಎಷ್ಟೋ ಮಂದಿಯ ಕೈಯಲ್ಲಿ ಬಂದೂಕೂ ಇರಲಿಲ್ಲ. 5ನೆಯ ತಾರೀಖಿನ ಕತ್ತಲಲ್ಲಿ ಊರಿನತ್ತ ನಡೆದಾಗ ಎದುರಿಂದ ಗುಂಡು ಬಂತು. ಮುಂದಿನ ಸಾಲಿನವರು ಗುಂಡು ಹಾರಿಸಿ, ಹಿಂದಿನವರಿಗೆ ದಾರಿಯಾಗಲೆಂದು ನೆಲಕ್ಕೆ ಬಾಗಿದರೆ, ಅವರೆಲ್ಲ ಸತ್ತರೆಂದು ತಿಳಿದ ಹಿಂದಿನವರು ಓಡಿದರು. 7ರಂದು ಸರ್ಕಾರದ ಪಡೆ ಫಿರಂಗಿಯೊಡನೆ ಬಂದು ಒಂದು ಗಂಟೆಯೊಳಗೆ ಎಲ್ಲವನ್ನೂ ಮುಗಿಸಿತು. ಮೆಕೆಂಜಿಯವರ ತಲೆಗೆ 1,000 ಪೌಂಡ್ ಬಹುಮಾನ ಸಾರಿದರೂ ಒಬ್ಬ ರೈತನೂ ಹಿಡಿದುಕೊಡಲಿಲ್ಲ. ಅವರು ನಯಾಗರಾ ದಾಟಿ ಅಮೆರಿಕ ಸೇರಿಕೊಂಡರು. ಆದರೆ ಅವರನ್ನು ನಂಬಿ ಬಂದ ಸ್ಯಾಮ್ಯುಯೆಲ್ ಲೌಂಟ್ ಮತ್ತು ಪೀಟರ್ ಮ್ಯಾಥ್ಯೂಸ್ ಅವರನ್ನು 1838ರ ಏಪ್ರಿಲ್ 12ರಂದು ಗಲ್ಲಿಗೇರಿಸಲಾಯಿತು. ನಾಯಕ ಉಳಿದು ಹಿಂಬಾಲಕರು ಸತ್ತ ಈ ಲೆಕ್ಕವನ್ನು ನಾನು ಸುಲಭವಾಗಿ ಮರೆಯಲಾರೆ.

ಮಂಡ್ಯದ ಇತಿಹಾಸ ಮೇಷ್ಟ್ರು

ಶ್ರೀರಂಗಪಟ್ಟಣದ ಮಿತ್ರರ ಆಕ್ಷೇಪಣೆಯನ್ನು ಒಪ್ಪುತ್ತೇನೆ. ಲೌಂಟ್ ಮತ್ತು ಮ್ಯಾಥ್ಯೂಸ್ ಅವರ ಹೆಸರಿಲ್ಲದೆ ಮೆಕೆಂಜಿಯವರ ಬದುಕನ್ನು ಹೇಳಬಾರದು. ಆದರೆ ಅವರು ಕಷ್ಟವಿಲ್ಲದೆ ಪಾರಾದರು ಎಂಬ ಭಾವನೆ ಬರಬಾರದೆಂದು ಇಷ್ಟನ್ನು ಸೇರಿಸುತ್ತೇನೆ. ಅಮೆರಿಕದ ತಟಸ್ಥ ನೀತಿಯನ್ನು ಮುರಿದರೆಂದು 1839ರಲ್ಲಿ ಅಲ್ಲಿನ ನ್ಯಾಯಾಲಯವೇ ಅವರಿಗೆ ಶಿಕ್ಷೆ ವಿಧಿಸಿ, ರೊಚೆಸ್ಟರ್ ಊರಿನ ಸೆರೆಮನೆಯಲ್ಲಿ ಸುಮಾರು ಹನ್ನೊಂದು ತಿಂಗಳು ಇಟ್ಟಿತು. ಅಲಿತ್ ಅಂಗಡಿಯಲ್ಲಿ ಜೊತೆಗೆ ನಿಂತಿದ್ದ ತಾಯಿ ಅದೇ ಊರಿನಲ್ಲಿ ತೀರಿಕೊಂಡಾಗ, ಮಗ ಶವಯಾತ್ರೆಯನ್ನು ಸೆರೆಮನೆಯ ಕಿಟಕಿಯಿಂದ ನೋಡಬೇಕಾಯಿತು. 1849ರಲ್ಲಿ ಕ್ಷಮಾದಾನ ಸಿಕ್ಕಿ, ಮರುವರ್ಷ ಟೊರೊಂಟೊಗೆ ಹಿಂದಿರುಗಿ, 1851ರಲ್ಲಿ ಮತ್ತೆ ಶಾಸನಸಭೆಗೆ ಆರಿಸಿ ಬಂದರು. ಅಷ್ಟರಲ್ಲಿ, ಜನರು ಆರಿಸಿದ ಸಭೆಗೆ ಮಂತ್ರಿಗಳು ಉತ್ತರ ಹೇಳಬೇಕು ಎಂಬ ಪದ್ಧತಿ 1848ರಿಂದ ಜಾರಿಗೆ ಬಂದಿತ್ತು.

1858ರಲ್ಲಿ ಅವರು ಸದಸ್ಯತ್ವ ಬಿಟ್ಟಾಗ ಕೈಯಲ್ಲಿ ಏನೂ ಇರಲಿಲ್ಲ. ಸ್ನೇಹಿತರು ಚಂದಾ ಎತ್ತಿ ಬಾಂಡ್ ಸ್ಟ್ರೀಟಿನಲ್ಲಿ ಒಂದು ಮನೆ ಕೊಡಿಸಿದರು. 1861ರ ಆಗಸ್ಟ್ 28ರಂದು ಆ ಮನೆಯಲ್ಲೇ ತೀರಿಕೊಂಡರು. ಅದು ಈಗ ವಸ್ತುಸಂಗ್ರಹಾಲಯ. ಅವರ ಕೊನೆಯ ಮಗಳ ಮಗನೇ ಮುಂದೆ ಇಪ್ಪತ್ತೊಂದು ವರ್ಷಕ್ಕೂ ಹೆಚ್ಚು ಕಾಲ ಕೆನಡಾದ ಪ್ರಧಾನಿಯಾಗಿದ್ದ ವಿಲಿಯಂ ಲಯನ್ ಮೆಕೆಂಜಿ ಕಿಂಗ್.

ನಿಮ್ಮ ಮಾತಿಗೆ ಸಮಯ ಕಡಿಮೆಯಿದ್ದರೆ ದಂಗೆಯನ್ನು ಚುಟುಕಾಗಿ ಮುಗಿಸಿ, ಡಂಡಾಸ್ ಅಂಗಡಿ, ಮೀಸಲು ಭೂಮಿಯ ರಸ್ತೆ, ಮೇಯರ್ ಆಗಿದ್ದ ಆ ವರ್ಷ, ಈ ಮೂರನ್ನು ವಿಸ್ತರಿಸಿ ಎಂಬುದು ನನ್ನ ಸಲಹೆ. ದಂಗೆಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಕಾರ್ಯಕ್ರಮದ ದಿನವನ್ನು ಇಲ್ಲಿ ತಿಳಿಸಿದರೆ ಮಂಡ್ಯದಿಂದ ಬಂದು ಕೇಳುತ್ತೇನೆ.